ಹೊಳೆಗೆ ಬಿಟ್ಟ ಜಾಗ

ಬೇಡ ಭಾವ, ಟೀ ಬೇಡ... ಬೇಡ ಅಂದ್ನಲ್ಲ! ಅಯ್ಯೋ, ಅಷ್ಟುದ್ದ ಸೂಜಿ ಕೈಯಲ್ಲಿ ಇಟ್ಕೊಂಡು ಎದ್ದೇಳ್ತಾರಾ ಯಾರಾದ್ರೂ? ಕೂತ್ಕೊಳ್ಳಿ. ನೀವು ಹಾಸಿಗೆ ಹೊಲೀತಾ ಇರಿ, ನಾನು ಈ ಮೂಟೆ ಮೇಲೆ ಕೂತ್ಕೋತೀನಿ. ಬಟ್ಟೆಗೆ ಹತ್ತಿ ಅಂಟಿದ್ರೆ ಅಂಟ್ಲಿ ಬಿಡಿ. ಈ ಬಟ್ಟೆ ತಾನೇ ಯಾವ ಸೌಭಾಗ್ಯಕ್ಕೆ...

ಯಾರು? ಹೊರಗೆ ನಿಂತಿರೋರಾ? ನಮ್ಮ ಆಫೀಸಿನವರೇ. ನಿಂತ್ಕೊಳ್ಳಲಿ, ನಾನು ಕರೆಯೋವರೆಗೂ ಒಳಗೆ ಬರಲ್ಲ. ಅವರ ಹಸಿರು ಅಂಗಿ ನೋಡಿದ್ರಾ? ಬೆನ್ನ ಮೇಲೆ ಏನು ಬರೆದಿದೆ ಅಂತ ಓದಿದ್ರಾ? "ಭೂಮಿಗೆ ನಮ್ಮ ಭರವಸೆ." ಯಾಕೆ ನಗ್ತೀರಿ? ನಾನು ಬರೆದಿದ್ದಲ್ಲಪ್ಪ! ಬರೆದೋರು ಬೇರೆ. ನಾನು ಬರೀ ಹಂಚೋಳು.

ನಗಿ, ನಗಿ. ನಾದಿನಿ ಅಂದ್ರೆ ನಿಮಗೆ ಮೊದಲಿಂದ್ಲೂ ಸಸಾರ.

ಸುಸ್ತು ಭಾವ. ನಿದ್ದೆ ಮಾಡಿದ್ರೆ ಹೋಗೋ ಸುಸ್ತಲ್ಲ ಇದು. ಮೊದಲಿನ ಕೆಲಸಾನೇ ಚೆನ್ನಾಗಿತ್ತು. ಸುಟ್ಟ ಅಂಗಡಿ, ನಜ್ಜುಗುಜ್ಜಾದ ಲಾರಿ, ನೀರು ನುಗ್ಗಿದ ಗೋದಾಮು, ನಾನು ಕಾಲಿಡದ ಹಾಳು ಜಾಗ ಇರಲಿಲ್ಲ. ಜೀವ ಒಂದು ಬಿಟ್ಟು ಮಿಕ್ಕಿದ್ದಕ್ಕೆಲ್ಲಾ ವಿಮೆ ಮಾಡೋ ಕಂಪನಿ ನಮ್ದು. ಏನೇ ಹಾಳಾಗ್ಲಿ, ನೋಡ್ಕೊಂಡು ಬಾರಮ್ಮ ಅಂತ ನನ್ನನ್ನೇ ಕಳಿಸ್ತಿದ್ರು. ಜನ ಬೈತಿದ್ರು. ಎಂಥೆಂಥಾ ಬೈಗುಳ! ಆದ್ರೂ ಅದರಲ್ಲಿ ಒಂದು ಉಪ್ಪು ಇರ್ತಿತ್ತು ಭಾವ. ಸಂಜೆ ಮನೆಗೆ ಬಂದ್ರೆ ಊಟ ಸೇರ್ತಿತ್ತು.

ಈಗ? ಈಗ ಮೇಲಿನ ಮಹಡಿ. ಬಾಗಿಲಿಗೆ "ಸಾಮಾಜಿಕ ಹೊಣೆಗಾರಿಕೆ" ಅಂತ ಬೋರ್ಡು. ಒಳಗೆ ನಾನು, ಒಂದು ಕುಂಡದ ಗಿಡ. ಪರಿಸರದ ವಿಭಾಗ ಅಲ್ವಾ, ಗಿಡ ಇರ್ಬೇಕು. ಪ್ಲಾಸ್ಟಿಕ್ ಗಿಡ ಭಾವ! ಆಣೆಗೂ! ಮೊದಲ ವಾರ ಪೂರ್ತಿ ಅದಕ್ಕೆ ನೀರು ಹಾಕಿದೀನಿ ನಾನು, ಗೊತ್ತಾಗದೇ...

ಹಾಂ, ಈಗ ನಕ್ಕಿದ್ದು ಚೆನ್ನಾಗಿತ್ತು. ಎಷ್ಟು ದಿನ ಆಗಿತ್ತು ನೀವು ಹಲ್ಲು ತೋರಿಸಿ.

ಇನ್ನೂ ಕೇಳಿ. ಸೈಕಲ್ ದಿನ ಅಂತ ಒಂದು ಮಾಡಿದ್ವಿ. ಎಲ್ಲರೂ ಸೈಕಲ್ಲಲ್ಲೇ ಬರ್ಬೇಕು, ಹೊಗೆ ಕಮ್ಮಿ ಆಗ್ಬೇಕು. ನಮ್ಮ ದೊಡ್ಡ ಸಾಹೇಬರ ಸೈಕಲ್ಲು ಕಾರಿನ ನೆತ್ತಿ ಮೇಲೆ ಕೂತ್ಕೊಂಡು ಬಂತು. ಗೇಟಿಂದ ಮೆಟ್ಟಿಲವರೆಗೆ ತುಳಿದ್ರು. ಫೋಟೋ ಆಯ್ತು. ಮಾರನೇ ದಿನ ಮಂಡಿ ನೋವು ಅಂತ ರಜೆ! ಶಾಲೆ ಮಕ್ಕಳಿಗೆ ಹೆಲ್ಮೆಟ್ ಹಂಚಿದ್ವಿ, ರಸ್ತೆ ಸುರಕ್ಷತೆ ಅಂತ. ಬಂದಿದ್ದೆಲ್ಲಾ ದೊಡ್ಡವರ ಅಳತೆ. ಹಾಕ್ಕೊಂಡ್ರೆ ಮಕ್ಕಳ ಮೂಗು ಕೂಡ ಕಾಣ್ತಿರಲಿಲ್ಲ. ಕೊನೆಗೆ ಟೀಚರಮ್ಮ ಅದರಲ್ಲಿ ಸೀಮೆಸುಣ್ಣ ಹಾಕಿಟ್ಟಿದ್ರು. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ. ಅವರ ಮಧ್ಯೆ ನಾನು ಹಗ್ಗ ಹಿಡ್ಕೊಂಡು ಓಡಾಡೋಳು.

ಇಲ್ಲ, ಬೇಜಾರಿಲ್ಲ... ಬೇಜಾರು ಅಂದ್ರೂ ಒಂದೇ, ಅನ್ನದಿದ್ರೂ ಒಂದೇ.

ಆದ್ರೆ ಒಂದು ನಿಜವಾದ ಕೆಲಸ ಬಂತು ಭಾವ. ಅದನ್ನ ಹೇಳೋಕೇ ಬಂದೆ. ಹೊಲೀರಿ, ಹೊಲೀತಾ ಕೇಳಿ.

ನೀರಿನ ಇಂಜಿನಿಯರು ಒಬ್ಳು ಬಂದಿದ್ಲು ಆಫೀಸಿಗೆ. ಚಿಕ್ಕ ವಯಸ್ಸು, ಮಾತು ಕಮ್ಮಿ. ಮೇಜಿನ ಮೇಲೆ ಒಂದು ತಟ್ಟೆ ಇಟ್ಟು, ಜೇಡಿಮಣ್ಣಲ್ಲಿ ನಮ್ಮ ಹೊಳೆ ಮಾಡಿದ್ಲು. ದಡಕ್ಕೆ ಗೋಡೆ ಕಟ್ಟೋಕೆ ಮುಂಚೆ ಹೊಳೆ ಹೇಗಿತ್ತು ಅಂತ ಒಂದು, ಈಗ ಹೇಗಿದೆ ಅಂತ ಒಂದು. ಚೊಂಬಿಂದ ನೀರು ಹುಯ್ದಳು. ಹಳೇ ಹೊಳೆ ಇದೆಯಲ್ಲ, ಅದು ಬಳಸಿಕೊಂಡು, ಅಗಲ ಆಗಿ, ಸಮಾಧಾನವಾಗಿ ಹೋಯ್ತು. ಈಗಿನದು ನೆಟ್ಟಗೆ ನುಗ್ಗಿ ಬಂದು ತಟ್ಟೆ ದಾಟಿ ಸಾಹೇಬರ ಪ್ಯಾಂಟಿನ ಮೇಲೆ! ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಹೊಳೆ ಬಳಸ್ಕೊಂಡು ಹೋಗೋದು ಸೋಮಾರಿತನಕ್ಕಲ್ಲ, ದಣಿವಾರಿಸಿಕೊಳ್ಳೋಕೆ ಅಂದ್ಲು ಆ ಹುಡುಗಿ. ನಾವು ಆ ಜಾಗ ಕಿತ್ಕೊಂಡ್ವಿ. ಈಗ ಓಡಿ ಬಂದ ನೀರು ಯಾರ ಮೇಲೆ ಬೀಳ್ಬೇಕು? ಕೆಳಗಿನವರ ಮೇಲೆ. ಮಾರ್ಕೆಟ್ಟು, ಬಸ್ ನಿಲ್ದಾಣ... ಆಸ್ಪತ್ರೆ.

ಅದಕ್ಕೇ ಒಂದು ತಿರುವನ್ನ ಹೊಳೆಗೆ ವಾಪಸ್ ಬಿಟ್ಟುಬಿಡೋಣ ಅಂತ. ಗೋಡೆ ಒಡೆದು, ನೀರಲ್ಲಿ ನಿಂತು ಬದುಕೋ ಮರ ನೆಟ್ಟು... ಖರ್ಚು ನಮ್ಮ ಕಂಪನಿದು. ನಗರಸಭೆ ಒಪ್ಪಿದೆ. ಒಳ್ಳೇದಲ್ವಾ ಭಾವ? ಒಳ್ಳೇದು ತಾನೇ?

ತಲೆ ಆಡಿಸಿದ್ರಿ. ನೀವೂ ಒಳ್ಳೇದು ಅಂದ್ರಿ.

ಯಾವ ತಿರುವು ಅಂತ ಕೇಳಲಿಲ್ಲ ನೀವು.

...

ಹೊಲಿಗೆ ಯಾಕೆ ನಿಲ್ಲಿಸಿದ್ರಿ?

ಹೌದು. ಈ ತಿರುವೇ. ಈ ಬೀದಿ. ಮೂಲೆ ಮನೆ ದರ್ಜಿಯಿಂದ ಹಿಡಿದು ಈ ಅಂಗಡಿವರೆಗೂ. ಬೇರೆಯವರ ಬಾಯಿಂದ ಕೇಳೋ ಬದಲು ನನ್ನ ಬಾಯಿಂದಲೇ ಕೇಳ್ಲಿ ಅಂತ ಬಂದೆ. ಬಲವಂತ ಇಲ್ಲ ಭಾವ! ಒಪ್ಪಿದ್ರೆ ಮಾತ್ರ. ದಿಬ್ಬದ ಮೇಲೆ ಮನೆ ಕೊಡ್ತಾರೆ, ಕೆಳಗೆ ಅಂಗಡಿ ಮೇಲೆ ವಾಸ, ಹತ್ತಿ ಹಿಂಜೋ ಯಂತ್ರಕ್ಕೆ ಬೇರೆ ಕೋಣೆ. ನಾನೇ ಹೋಗಿ ನೋಡಿದೀನಿ, ಗೋಡೆ ತಟ್ಟಿ ನೋಡಿದೀನಿ. ಆದ್ರೆ ಬೀದಿಗೆ ಬೀದಿನೇ ಒಪ್ಬೇಕು. ಒಬ್ಬರು ಉಳಿದ್ರೂ ಗೋಡೆ ಒಡೆಯೋಕಾಗಲ್ಲ. ಮತ್ತೆ ಇಲ್ಲಿ ಯಾರನ್ನ ಕೇಳಿದ್ರೂ ಒಂದೇ ಮಾತು, "ಹಾಸಿಗೆಯವರು ಏನಂತಾರೆ?" ನೀವು ಹೂಂ ಅಂದ್ರೆ ಎಲ್ಲರೂ ಹೂಂ. ಹೊರಗೆ ಇರೋರು ಅಳತೆಗೆ ಬಂದೋರು. ಇನ್ನೊಬ್ಬ ಫೋಟೋದವನು. ಬೇಡ ಅಂದೆ, ಸಾಹೇಬರು ಕೇಳಲಿಲ್ಲ. ವಾರ್ಷಿಕ ವರದಿಗೆ ಬೇಕಂತೆ.

ಹಾಗೆ ನೋಡ್ಬೇಡಿ.

ಕಂಪನಿಗೆ ಏನು ಲಾಭ ಅಂತ ತಾನೇ? ಇದೆ. ಇಲ್ಲ ಅಂತ ಹೇಳಲ್ಲ. ಕೆಳಗಿನ ಮಾರ್ಕೆಟ್ಟು, ಆಸ್ಪತ್ರೆ ಎಲ್ಲಾ ನಮ್ಮಲ್ಲೇ ವಿಮೆ ಮಾಡಿಸಿರೋದು. ನೀರು ಬರದಿದ್ರೆ ನಾವು ಕೊಡಬೇಕಾದ್ದೂ ಇಲ್ಲ. ಅಂಗಿ ಹಸಿರು ಆದ ಮಾತ್ರಕ್ಕೆ ವ್ಯಾಪಾರ ಮರೀತಾರಾ? ನಿಮ್ಮ ಬೀದಿಗೆ ಇನ್ನು ಮುಂದೆ ಪ್ರವಾಹದ ವಿಮೆನೂ ಕೊಡಲ್ವಂತೆ, ನಾವೂ ಇಲ್ಲ, ಬೇರೆ ಕಂಪನಿನೂ ಇಲ್ಲ. ಇದನ್ನೂ ನಾನೇ ಹೇಳ್ತಿದೀನಿ, ಮುಚ್ಚಿಡಲ್ಲ. ಆದ್ರೆ ಭಾವ, ಅವರ ಮನಸ್ಸಲ್ಲಿ ಏನೇ ಇರ್ಲಿ, ನೀರು ಇಳಿಯುತ್ತಲ್ಲ? ನೀರಿಗೆ ಅವರ ಮನಸ್ಸು ಕಟ್ಕೊಂಡು ಏನಾಗ್ಬೇಕು?

ಗೊತ್ತು. ಗೊತ್ತು, ಎಲ್ಲಿ ನೋಡ್ತಿದೀರಿ ಅಂತ. ಆ ಕಿಟಕಿ ಅಕ್ಕ ಹಠ ಹಿಡಿದು ಇಡಿಸಿದ್ದು. ಮೇಸ್ತ್ರಿ ಬೇಡ ಅಂದ, ನೀವು ಬೇಡ ಅಂದ್ರಿ. ಊಟ ಬಿಟ್ಟು ಕೂತಳಲ್ಲ, ಹೊಳೆ ಕಾಣದ ಮನೆ ನನಗೆ ಬೇಡ ಅಂತ. ಮಹಾ ಹಠಮಾರಿ. ನಮ್ಮಪ್ಪನೇ ಹೇಳ್ತಿದ್ದ, ಇವಳು ಹಿಡಿದದ್ದನ್ನ ಉಡ ಕೂಡ ಇಷ್ಟು ಗಟ್ಟಿಯಾಗಿ ಹಿಡಿಯಲ್ಲ ಅಂತ.

ಅಕ್ಕ ಕಟ್ಟಿಸಿದ ಮನೆ ಒಡೆಸೋಕೆ ಅಕ್ಕನ ತಂಗಿನೇ ಬಂದ್ಲು... ಅಂತ ಅಂದ್ಕೋತಿದೀರಿ. ಅಂದ್ಕೊಳ್ಳಿ. ದಾರಿ ಉದ್ದಕ್ಕೂ ನಾನೂ ಅದನ್ನೇ ಅಂದ್ಕೊಂಡು ಬಂದೆ.

ಆದ್ರೆ ಆ ಆಸ್ಪತ್ರೆ ಒಂದು ಸಲ ನೆನಸ್ಕೊಳ್ಳಿ. ಹೆಂಗಸರ ವಾರ್ಡು ಇನ್ನೂ ನೆಲಮಹಡಿಯಲ್ಲೇ ಇದೆ. ಬೇರೆ ಜಾಗ ಇಲ್ವಂತೆ. ಹೋದ ವರ್ಷದ ಹಾಗೆ ನೀರು ಬಂದ್ರೆ ಮೊದಲು ಕರೆಂಟು ಹೋಗುತ್ತೆ. ಲಿಫ್ಟು ನಿಲ್ಲುತ್ತೆ. ಉಸಿರಿನ ಯಂತ್ರ ಕೀ ಅಂತ ಒಂದು ಸಲ ಕೂಗಿ ಸುಮ್ಮನಾಗುತ್ತೆ. ಆ ಸದ್ದು ಇದೆಯಲ್ಲ ಭಾವ... ಆಮೇಲೆ ಒಬ್ಬೊಬ್ಬರನ್ನೇ ಹಾಸಿಗೆ ಸಮೇತ ಮೇಲಕ್ಕೆ ಎತ್ಬೇಕು. ನೀವು ಹಾಸಿಗೆ ಮಾಡೋರು, ಮನುಷ್ಯರು ಮಲಗಿರೋ ಹಾಸಿಗೆ ಎಷ್ಟು ಭಾರ ಅಂತ ನಿಮಗೆ ಗೊತ್ತಾ? ಮೆಟ್ಟಿಲ ಮೂಲೆಯಲ್ಲಿ ತಿರುಗಲ್ಲ ಅದು, ಬಾಗುತ್ತೆ, ಜಾರುತ್ತೆ. ತಲೆ ಕಡೆ ನಾನು ಹಿಡಿದಿದ್ದೆ, ಕಾಲ ಕಡೆ ನರ್ಸು. ಕೈಯೆಲ್ಲಾ ನೀರು. ಆ ಉಸಿರಲ್ಲೂ ನನಗೇ ಹೇಳ್ತಾಳೆ, ನಿಧಾನ ಕಣೇ, ನಿನ್ನ ಸೊಂಟ...

...

ಏನು?

ಏನಿಲ್ಲ ಭಾವ. ಪಕ್ಕದ ಮಂಚದವರು. ಒಬ್ಬರು ಇದ್ರು, ವಯಸ್ಸಾದೋರು... ಅವರೂ ನನ್ನನ್ನ ಹಾಗೇ ಕರೀತಿದ್ರು, ಕಣೇ ಗಿಣೇ ಅಂತ...

ಭಾವ.

ಬೈರಿ. ಸೂಜಿ ಆ ಕಡೆ ಇಡಿ ಮೊದಲು, ಚುಚ್ಕೊಂಡಿದೀರಿ ನೋಡಿ, ಹಾಸಿಗೆಗೆ ರಕ್ತ...

ಆಯ್ತು. ಆಯ್ತು... ಹೌದು.

ನೀರು ಬಂದಾಗ ಅಕ್ಕ ಇನ್ನೂ ಬದುಕಿದ್ದಳು.

ನೀರು ಬರೋ ಮುಂಚೆನೇ ಹೋದ್ಲು, ನಿದ್ದೆಯಲ್ಲೇ ಹೋದ್ಲು ಅಂತ ನಿಮಗೆ ಹೇಳಿದ್ದೆ. ಇನ್ನೇನು ಹೇಳ್ಬೇಕಿತ್ತು? ಅವತ್ತು ಬೆಳಗ್ಗೆ ಆಸ್ಪತ್ರೆಯಿಂದ ಅವಳೇ ತಾನೇ ನಿಮ್ಮನ್ನ ಕಳಿಸಿದ್ದು, ಹೊಳೆ ಏರ್ತಿದೆ, ಹತ್ತಿ ಅಟ್ಟಕ್ಕೆ ಹಾಕಿ ಬನ್ನಿ ಅಂತ? ನೀವು ಈ ಕಡೆ ಬಂದ್ರಿ, ಸೇತುವೆ ಮುಳುಗ್ತು. ನೀವೇನು ಹಾರ್ಕೊಂಡು ಬರೋಕಾಗ್ತಿತ್ತಾ? ನೀರು ಇಳಿದ ಮೇಲೆ ಬಂದ್ರಿ, ಸೊಂಟದವರೆಗೂ ಕೆಸರು, ಬಾಗಿಲಲ್ಲಿ ನಿಂತು ಕೇಳಿದ್ರಿ, ನನ್ನನ್ನ ಕೇಳಿದ್ಲಾ ಅಂತ. ಆ ಮುಖ ನೋಡ್ಕೊಂಡು ನಾನು... ಇಲ್ಲ ಭಾವ, ಅವಳಿಗೆ ಎಚ್ಚರಾನೇ ಇರಲಿಲ್ಲ ಅಂದೆ. ಒಂದು ಮಾತು. ಸುಲಭವಾಗಿ ಬಂತು ಬಾಯಿಗೆ.

ಎಚ್ಚರ ಇತ್ತು.

ಮೇಲಿನ ಮಹಡಿ ವರಾಂಡದಲ್ಲಿ ಮಲಗಿಸಿದ್ವಿ. ಬೀಸಣಿಗೆ ಇರಲಿಲ್ಲ, ಯಾರದೋ ರಟ್ಟಲ್ಲಿ ಗಾಳಿ ಹಾಕ್ತಿದ್ದೆ. ನನ್ನ ಕೈ ಹಿಡಿದು ತಡೆದ್ಲು. ಬಗ್ಗು ಅಂತ ಸನ್ನೆ ಮಾಡಿದ್ಲು. ಬಗ್ಗಿದೆ. "ಹತ್ತಿ ಒದ್ದೆ ಆಯ್ತಾ?" ಅಂದ್ಲು.

ಅಷ್ಟೇ ಭಾವ. ಬೇರೇನೂ ಕೇಳಲಿಲ್ಲ.

ವಾರ್ಡಿಗೆ ನೀರು ನುಗ್ಗೋ ಮುಂಚೆನೇ ನಿಮ್ಮ ಫೋನು ಬಂದಾಗಿತ್ತು, ಎಲ್ಲಾ ಹೋಯ್ತು, ಅಟ್ಟಾನೂ ಕುಸೀತು ಅಂತ. ಇಲ್ಲ ಅಕ್ಕ, ಒಂದು ಎಳೆನೂ ಒದ್ದೆ ಆಗಿಲ್ಲ, ಭಾವ ಎಲ್ಲಾ ಉಳಿಸ್ಕೊಂಡ್ರು ಅಂದೆ. ಹೂಂ ಅಂದ್ಲು... ಅವಳಿಗೊಂದು ಸುಳ್ಳು, ನಿಮಗೊಂದು ಸುಳ್ಳು. ಗಂಡ ಹೆಂಡತಿ ಇಬ್ಬರಿಗೂ ಒಂದೊಂದು ಹಂಚಿಬಿಟ್ಟೆ.

ಭಾವ... ಎಲ್ಲಿಗೆ? ಚಪ್ಪಲಿ ಹಾಕ್ಕೊಳ್ಳಿ. ಮುಖನಾದ್ರೂ ಒರೆಸ್ಕೊಳ್ಳಿ... ಅಳತೆಯವರನ್ನ ಯಾಕೆ ಕರೀತಿದೀರಿ? ಬೇಡ! ಇವತ್ತು ಬೇಡ, ನಾನು ಕಳಿಸ್ಬಿಡ್ತೀನಿ ಅವರನ್ನ. ಏ, ನಿಲ್ಲಪ್ಪ ಅಲ್ಲೇ, ಒಳಗೆ ಬರ್ಬೇಡ! ಇವರು ಏನೋ ಬೇಜಾರಲ್ಲಿ... ಟೇಪು ಸುತ್ತು, ಸುತ್ತಪ್ಪ...

ಭಾವ, ಬಿಡಿ ಅದನ್ನ. ನೀವ್ಯಾಕೆ ಟೇಪಿನ ತುದಿ ಹಿಡ್ಕೋತೀರಿ? ಅಕ್ಕನ ಕಿಟಕಿಯಿಂದ ಯಾಕೆ, ಇಲ್ಲಿಂದ ಅಲ್ಲ ಅಳೆಯೋದು...

ಫೋಟೋ ತೆಗೀಬೇಡ! ಇಳಿಸು, ಇಳಿಸು ಆ ಕ್ಯಾಮೆರಾ!

ಭಾವ, ಇದಕ್ಕಾಗಿ ಹೇಳಿದ್ದಲ್ಲ ನಾನು. ಕೇಳಿಸ್ತಿದೆಯಾ? ನಿಮ್ಮನ್ನ ಒಪ್ಪಿಸೋಕೆ ಅಂತ ಹೇಳಿದ್ದಲ್ಲ ಭಾವ...