ಅಂಟಿಕೊಂಡ ಹಾಳೆಗಳು

ಕಾರ್ಮಿಕ ಅಧಿಕಾರಿಯ ಕೋಣೆಯ ಹೊರಗೆ, ನಾನು ಕೂತಿದ್ದ ಬೆಂಚಿನಲ್ಲೇ ಒಬ್ಬ ಅತ್ತಿಗೆ, ಅವಳ ನಾದಿನಿ ಕೂತಿದ್ದರು. ನಾದಿನಿಯ ಬಲಗೈ ಪೂರ್ತಿ ಬ್ಯಾಂಡೇಜಿನೊಳಗಿತ್ತು.

"ಮನೆಗೆ ಹೋಗೋಣ ಅತ್ತಿಗೆ. ಪಾದ್ರಿಗಳು ಆಸ್ಪತ್ರೆಗೇ ಬಂದು ಓದಿದ್ರಲ್ಲ, ದೇವರು ಕಣ್ಣೀರು ಒರೆಸ್ತಾನೆ ಅಂತ. ನಂಗಷ್ಟು ಸಾಕು."

"ನಂಗೆ ಸಾಲಲ್ಲ. ಕೈ ಸಿಕ್ಕದ ಹಾಗೆ ಇಸ್ತ್ರಿ ಯಂತ್ರಕ್ಕಿದ್ದ ಗಾರ್ಡು ಬಿಚ್ಚಿಸಿದ್ದು ಯಾರು?"

"ಮಾಲೀಕರು. ಕೆಲಸ ಬೇಗ ಸಾಗಲಿ ಅಂತ. ಪಾಪ, ಆಮೇಲೆ ಹಣ್ಣು ಕಳಿಸಿದ್ರು."

"ಕೈ ಕಿತ್ಕೊಂಡು ಹಣ್ಣು ಕೊಟ್ಟ. ಭಾನುವಾರ ಚರ್ಚಲ್ಲಿ ಮೊದಲನೇ ಬೆಂಚು ಬೇರೆ ಅವನಿಗೆ."

"ಮೆಲ್ಲಗೆ ಮಾತಾಡಿ."

"ಯಾಕೆ? ಚರ್ಚಿನ ಆ ದೊಡ್ಡ ಬೈಬಲ್ಲಿನ ಧೂಳು ಹತ್ತು ವರ್ಷದಿಂದ ಒರೆಸ್ತಿರೋಳು ನಾನು. ಕಣ್ಣೀರು ಒರೆಸ್ತಾನೆ ಅಂತ ಪ್ರವಾದಿ ಯೆಶಾಯ ಸಮಾಧಾನ ಹೇಳಿರೋ ಹಾಳೆಗಳು ಓದಿ ಓದಿ ಮಾಸಿಹೋಗಿವೆ. ಅವನೇ ಬೈದಿರೋ ಹಾಳೆಗಳು ಅಂಗಡಿಯಿಂದ ತಂದಾಗಿನ ಹಾಗೇ ಒಂದಕ್ಕೊಂದು ಅಂಟ್ಕೊಂಡಿವೆ. ಮೊನ್ನೆ ಉಗುರಲ್ಲಿ ಬಿಡಿಸಿ ಓದ್ದೆ."

"ಏನಿತ್ತು?"

"ಕೈಯೆಲ್ಲ ರಕ್ತ ಮಾಡ್ಕೊಂಡು ಪ್ರಾರ್ಥನೆಗೆ ಬರ್ಬೇಡಿ, ನಾನು ಕೇಳಿಸ್ಕೊಳ್ಳಲ್ಲ, ಮೊದಲು ನ್ಯಾಯ ಮಾಡಿ ಅಂತಾನೆ ದೇವರು."

"ಹಾಗಾದ್ರೆ ಕಣ್ಣೀರು ಒರೆಸೋದು ಸುಳ್ಳಾ?"

"ಸುಳ್ಳಲ್ಲ ಕಣೇ. ಆ ಧೈರ್ಯದ ಮೇಲೇ ನಿನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದು. ದೇವರು ಒರೆಸ್ತೀನಿ ಅಂದಿದ್ದಾನೆ, ಬಾಯಿ ಮುಚ್ಕೊಂಡಿರು ಅಂದಿಲ್ಲ."

ಅಷ್ಟರಲ್ಲಿ ಜವಾನ ಬಾಗಿಲಿಗೆ ಬಂದು, ಯಂತ್ರದ ಅಪಘಾತದವರು ಒಳಗೆ ಬನ್ನಿ ಎಂದ. ಅತ್ತಿಗೆ ಚೀಲದಿಂದ ದೂರಿನ ಅರ್ಜಿ ತೆಗೆದಳು.

"ಸಹಿ ಒಂದು ಬಾಕಿ ಇದೆ. ನಿನ್ನ ಪರವಾಗಿ ನಾನೇ ಹಾಕ್ಲಾ?"

"ಬೇಡ," ಎಂದು ನಾದಿನಿ ಎದ್ದಳು. "ಎಡಗೈ ಇದೆಯಲ್ಲ. ಪೆನ್ನು ಕೊಡಿ."