ನನ್ನ ದನಿಯಲ್ಲಿ ಬೇರೆಯವನು ಫೋನ್ ಮಾಡುತ್ತಿರುವ ಬಗ್ಗೆ

ನಾನು, ಗುಡ್ಡಪ್ಪ ತಂದೆ ಮೈಲಾರಿ, ವಯಸ್ಸು 47, ಕಲಿತದ್ದು ನಾಲ್ಕನೇ ಇಯತ್ತೆ, ಉದ್ಯೋಗ ಆಟೋಕ್ಕೆ ಮೈಕು ಕಟ್ಟಿ ಅಂಗಡಿಗಳ ಪ್ರಚಾರ ಮಾಡುವುದು, ವಾಸ ಹಾನಗಲ್. ಈ ದಿವಸ ಮಧ್ಯಾಹ್ನ 3-40ಕ್ಕೆ ಶಿಗ್ಗಾಂವ ಠಾಣೆಗೆ ನಾನಾಗಿಯೇ ಬಂದು ಹೇಳಿ ಬರೆಸಿದ್ದೇನೆಂದರೆ:

ಸೀರೆ ಅಂಗಡಿ ಇರಲಿ, ಬೀಜದ ಅಂಗಡಿ ಇರಲಿ, ನಾನು ಮೈಕಿನಲ್ಲಿ ಚ್ಯಾಷ್ಟಿ ಮಾಡಿಯೇ ಹೇಳುತ್ತೇನೆ. ಜನ ಮೊದಲು ನಗುತ್ತಾರೆ, ಆಮೇಲೆ ಏನು ಮಾರಲು ಬಂದಿದ್ದೀ ಎಂದು ಕೇಳುತ್ತಾರೆ.

ಹೋದ ತಿಂಗಳು ಸುದೀಪ ಎಂಬುವವನು ಫೋನ್ ಮಾಡಿದ. ಅವನ ಮುಖ ನೋಡಿಲ್ಲ. ನಾವು ಆನ್‌ಲೈನ್ ಅಂಗಡಿಯವರು, ನಿಮ್ಮ ಹೆಸರಿನಲ್ಲಿ ಒಂದು ಲಿಂಕ್ ಕೊಡುತ್ತೇವೆ, ಅದನ್ನು ಒತ್ತಿ ಯಾರು ಸಾಮಾನು ಕೊಂಡರೂ ನಿಮಗೆ ಕಮಿಷನ್, ಇದಕ್ಕೆ ಅಫಿಲಿಯೇಟ್ ಎನ್ನುತ್ತಾರೆ ಎಂದ. ಆ ಹೆಸರಿನ ಗುಳಿಗೆ ನಮ್ಮ ಕಡೆ ಸಿಗುವುದಿಲ್ಲ ಎಂದೆ. ಅವನು ಬಹಳ ನಕ್ಕ. ಮೊದಲು ಆ ಲಿಂಕ್ ಒತ್ತಿಸಿ ನನ್ನ ಫೋನಿಗೇ ಅವರ ಆ್ಯಪ್ ಹಾಕಿಸಿದ. ಫೋನಿನಲ್ಲಿರುವ ನಂಬರ್‌ಗಳನ್ನು ನೋಡಲೇ, ಮೆಸೇಜ್ ಓದಲೇ ಎಂದು ಅದು ಕೇಳಿದ್ದಕ್ಕೆಲ್ಲ ಹೂಂ ಎಂದು ಒತ್ತಿದೆ. ಜಾಹೀರಾತಿಗೆ ನಿಮ್ಮ ದನಿಯ ನಮೂನೆ ಬೇಕು, ಮನೆಯವರೊಡನೆ ಮಾತನಾಡಿದ ಹಾಗೆ ಮಾತನಾಡಿ ಎಂದ. ಅರ್ಧ ತಾಸು ಮಾತನಾಡಿದೆ. ನಮ್ಮ ಅವ್ವನ ಕಾಲುನೋವಿನ ಸುದ್ದಿಯನ್ನೂ ಹೇಳಿ ನಗಿಸಿದೆ. ಆಮೇಲೆ ಆ ಲಿಂಕನ್ನು ನನ್ನ ವಾಟ್ಸಾಪ್ ಗುಂಪಿಗೆ ಹಾಕಿ, ಮೈಕಿನಲ್ಲೂ ಹೇಳಿದೆ.

ಸೋಮವಾರ ಕಮಿಷನ್ ಬಂತು. ಆದರೆ ಸಾಮಾನು ಯಾರಿಗೂ ಬಂದಿರಲಿಲ್ಲ. ಹಾನಗಲ್ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಮಾಡುವ ಇಮ್ರಾನನಿಗೆ ತೋರಿಸಿದೆ.

"ಕಾಕಾ, ಸಾಮಾನು ಮಾರಿದ್ರ ಕಮಿಷನ್ ಬರ್ತದ. ಇವರು ಬರೇ ಆ್ಯಪ್ ಹಾಕ್ಕೊಂಡ್ರನ ಕೊಡಾಕತ್ತಾರ. ಅಂಗಡಿಯಾಂವ ನಮ್ಮ ಮೆಸೇಜ್ ಯಾಕ ಓದಬೇಕು?" ಎಂದ.

ಬ್ಯಾಂಕಿನ ಓಟಿಪಿ ಮೆಸೇಜಿನಲ್ಲೇ ಬರುತ್ತದೆ, ಹಾಕಿಕೊಂಡವರೆಲ್ಲ ತೆಗೆದು ಬ್ಯಾಂಕಿಗೆ ತಿಳಿಸಬೇಕು ಎಂದು ಹೇಳಿ ನನ್ನದನ್ನು ತೆಗೆದ. ನಿನ್ನೆ ದಿನವಿಡೀ ಆಟೋದಲ್ಲಿ ತಿರುಗಿ, ಆ ಲಿಂಕ್ ಒತ್ತಬೇಡಿರಿ ಎಂದು ಕೂಗಿದೆ. ಜನ ನಕ್ಕರು. ಒಬ್ಬ ಅಜ್ಜ ಇನ್ನೊಮ್ಮೆ ಹೇಳು, ಛಲೋ ಐತಿ ಎಂದ.

ಇಂದು ಮಧ್ಯಾಹ್ನ 2 ಗಂಟೆಗೆ ಶಿಗ್ಗಾಂವ ತಾಲೂಕಿನ ಹಿರೇಬೆಂಡಿಗೇರಿಯಲ್ಲಿರುವ ನಮ್ಮ ಅಕ್ಕ ಶೇಖವ್ವನಿಗೆ ಫೋನ್ ಮಾಡಿದೆ. ಅವಳು ಹೆಣ್ಣುಮಕ್ಕಳ ಉಳಿತಾಯ ಸಂಘ ನಡೆಸುತ್ತಾಳೆ. ಬೆಳಿಗ್ಗೆಯೇ ಮಾತನಾಡಿದೆಯಲ್ಲ, ನೀನು ಹೇಳಿದ ಆ್ಯಪನ್ನು ಸಂಜೆ 5 ಗಂಟೆಗೆ ಸಂಘದ ಸಭೆಯಲ್ಲಿ ಎಲ್ಲರ ಫೋನಿಗೂ ಹಾಕಿಸುತ್ತೇನೆ ಎಂದಳು. ನಾನು ಬೆಳಿಗ್ಗೆ ಫೋನ್ ಮಾಡಿರಲಿಲ್ಲ. ಅದು ನಾನಲ್ಲ, ಹಾಕಿಸಬೇಡ ಎಂದೆ. ನನ್ನ ಮಾತು ತೊದಲಿತು.

"ಮುಂಜಾನೆ ನಮ್ಮ ಗುಡ್ಡ್ಯಾ ನಕ್ಕೋತ ಮಾತಾಡ್ಯಾನ, ಅವ್ವನ ಕಾಲುನೋವಿನ ಸುದ್ದಿ ಹೇಳ್ಯಾನ. ನನ್ನ ದನಿ ತಗದು ಕಳ್ಳರು ಫೋನ್ ಮಾಡ್ತಾರ, ನಂಬಬ್ಯಾಡ ಅಂತ ಅವನ ಹೇಳ್ಯಾನ. ನೀ ಯಾರು? ಯಾಕ ನಡಗಾಕತ್ತೀ?" ಎಂದಳು.

"ಅಕ್ಕಾ, ನಾನ ಗುಡ್ಡ್ಯಾ" ಎಂದೆ. ಅವಳು ಫೋನ್ ಇಟ್ಟಳು.

ಕೂಡಲೇ ಸುದೀಪನ ನಂಬರಿಗೆ ಫೋನ್ ಮಾಡಿದೆ. ಎತ್ತಿದವನು ನನ್ನ ದನಿಯಲ್ಲೇ ಹಲೋ ಎಂದ. ನನ್ನ ಹಾಗೆಯೇ ನಕ್ಕ. ನಾನು ಫೋನ್ ಇಟ್ಟೆ. ಆಟೋ ಹೊಡೆದುಕೊಂಡು ಶಿಗ್ಗಾಂವದವರೆಗೆ ಬಂದೆ.

ಅಕ್ಕನ ಊರಿನಲ್ಲಿ ಬೇರೆ ಯಾರ ನಂಬರೂ ನನ್ನ ಬಳಿ ಇಲ್ಲ. ನಾನೊಬ್ಬನೇ ಸಭೆಗೆ ಹೋಗಿ ಬೇಡ ಎಂದರೆ ಅಲ್ಲಿಯೂ ನಗುತ್ತಾರೆ. ಅಷ್ಟರಲ್ಲಿ ಒಬ್ಬೊಬ್ಬರಾಗಿ ಒತ್ತಿಬಿಡುತ್ತಾರೆ. ಆದ್ದರಿಂದ ಸಮವಸ್ತ್ರದಲ್ಲಿರುವ ಯಾರಾದರೂ ಐದು ಗಂಟೆಯೊಳಗೆ ನನ್ನ ಸಂಗಡ ಬರಬೇಕು, ಆ ನಂಬರಿನವನ ಮೇಲೆ ಕ್ರಮ ಆಗಬೇಕು. ಈ ಹೇಳಿಕೆ ಬರೆಸುತ್ತಲೇ ಅಕ್ಕನಿಗೆ ಎರಡು ಸಲ ಫೋನ್ ಹಚ್ಚಿದೆ. ಮೊದಲ ಸಲ ಎತ್ತಲಿಲ್ಲ. ಎರಡನೇ ಸಲ, ಅವಳು ಇನ್ನೊಬ್ಬರ ಜೊತೆ ಮಾತಿನಲ್ಲಿದ್ದಾಳೆ ಎಂದು ಬಂತು.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಖರೆ.

ಸ್ಥಳ: ಶಿಗ್ಗಾಂವ
ದಿನಾಂಕ: 14-05-2025, ಸಂಜೆ 4-15
ಸಹಿ: ಗುಡ್ಡಪ್ಪ ಮೈಲಾರಿ