ಕೆಲಸ ಹೋದರೆ ಸಿಗುವ ವಿಮೆ

ಬ್ಯಾಂಕಿನ ಕಾವಲುಗಾರನ ಕಣ್ಣು ಬೀದಿಯ ಮೇಲಿದ್ದರೂ ಕಿವಿಯೆಲ್ಲ ಒಳಗಿನ ಬೆಂಚಿನ ಕಡೆಗೇ ಇತ್ತು. ಅಲ್ಲಿ ಕ್ಷೌರಿಕನೂ ಅವನ ಅಕ್ಕನೂ ಕೂತಿದ್ದರು.

“ನನ್ನ ದೂರಿನ ವಿಚಾರಣೆ ಮುಗೀತಕ್ಕಾ. ತಪ್ಪು ಬ್ಯಾಂಕಿಂದೇ ಅಂತೆ. ವಿಮೆ ದುಡ್ಡು ವಾಪಸ್ ಕೊಡ್ತಾರೆ.”

“ಸಂತೋಷ.”

“ಅಲ್ಲ, ಕೆಲಸ ಹೋದ್ರೆ ಸಾಲದ ಕಂತು ಕಟ್ಟೋ ವಿಮೆಯಂತೆ! ಸ್ವಂತ ಅಂಗಡಿಯೋನು ನಾನು. ನನ್ನನ್ನ ಕೆಲಸದಿಂದ ತೆಗೆಯೋರು ಯಾರು, ನನ್ನ ಕತ್ತರಿನಾ?”

“ಈ ಬ್ಯಾಂಕಲ್ಲಿ ಕೂತು ನಿನಗೆ ಅದನ್ನ ಮಾಡಿಸಿದ್ದು ನನ್ನ ಮಗ ಅಲ್ವೇನೋ.”

“ದೂರಲ್ಲಿ ಅವನ ಹೆಸರು ನಾನು ಬರೀಲಿಲ್ಲ, ನಿನ್ನಾಣೆ.”

“ನೀನು ಬರೆಯೋದೇನು ಬಂತು? ವಿಮೆ ಅರ್ಜೀಲಿ ರುಜು ಅವನದೇ ಇತ್ತಲ್ಲ. ನೆನ್ನೆ ಅವನನ್ನ ಕೆಲಸದಿಂದ ತೆಗೆದ್ರು.”



“ಮೊದಲು ನಿನ್ನ ಹತ್ರ ಬರಬೇಕಿತ್ತು, ಅಕ್ಕಾ.”

“ಬರಬೇಕಿತ್ತು.”

ಅಕ್ಕ ಚೀಲ ಎತ್ತಿಕೊಂಡು ಎದ್ದಳು. ಕಾವಲುಗಾರ ಬಾಗಿಲು ತೆರೆದು ಹಿಡಿದಾಗ, ತಿರುಗಿ ನೋಡದೆ ಅಂದಳು:

“ಆ ವಿಮೆ ಬೇಕಾಗಿದ್ದದ್ದು ಅವನಿಗೆ ಕಣೋ.”